321ನೇ ಹೆದ್ದಾರಿಯಲ್ಲಿ ಒಂದು ದಿನ

ದಕ್ಷಿಣ ಚೀನಾದ ಗುಯ್‌ಲಿನ್ ನಗರದಿಂದ ಝಾವೋಶಿಂಗ್ ಹಳ್ಳಿಗೆ ಈಗ ಸುಲಭದ ದಾರಿಯಿದೆ. 2014ರ ಡಿಸೆಂಬರಿನಲ್ಲಿ ಗುಯ್‌ಯಾಂಗ್–ಗುವಾಂಗ್‌ಝೋವು ವೇಗದ ರೈಲು ಮಾರ್ಗ ತೆರೆದ ಮೇಲೆ, ಸುರಂಗದಿಂದ ಸುರಂಗಕ್ಕೆ ನುಗ್ಗುತ್ತಾ ಮಧ್ಯಾಹ್ನದ ಊಟಕ್ಕೆ ಮೊದಲೇ ಅಲ್ಲಿಗೆ ತಲುಪಬಹುದು. ಆದರೂ ನಮ್ಮ ಎಂಟನೆಯ ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ, ಹಳೆಯ 321ನೇ ರಾಷ್ಟ್ರೀಯ ಹೆದ್ದಾರಿಯಲ್ಲೇ ಕರೆದೊಯ್ಯಬೇಕೆಂದು ಪಟ್ಟು ಹಿಡಿದವಳು ನಾನು. ಗುವಾಂಗ್‌ಝೋವಿನಲ್ಲಿ ಹುಟ್ಟಿ ಬೆಳೆದ, ಇಲ್ಲವೇ ಬೇರೆ ಬೇರೆ ದೇಶಗಳಿಂದ ಬಂದು ಅಲ್ಲಿ ನೆಲೆಸಿದ ಮಕ್ಕಳು ಅವರು. ತಮ್ಮ ನಗರವನ್ನು ಕಟ್ಟಿದ ಕೈಗಳು ಎಲ್ಲಿಂದ ಬಂದವು ಎಂಬುದನ್ನು ಅವರು ನೋಡಬೇಕೆಂದಿದ್ದರೆ ಈ ರಸ್ತೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ಭೂಗೋಳ ಕಲಿಸುವ ನನಗೆ ಅನಿಸಿತ್ತು.

ಮೇ ತಿಂಗಳ ಕೊನೆ. ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು. ಉಪ್ಪಿನಲ್ಲಿ ಹುಳಿ ಬರಿಸಿದ ಹುರುಳಿಕಾಯಿ, ಹುರಿದ ಶೇಂಗಾ ಉದುರಿಸಿದ ಅಕ್ಕಿ ಶಾವಿಗೆಯನ್ನು ಗುಯ್‌ಲಿನ್‌ನ ಬೀದಿ ಅಂಗಡಿಯಲ್ಲಿ ತಿಂದು ಬಸ್ ಹತ್ತಿದೆವು. ನಗರದ ಸುತ್ತ ಗುಂಪಾಗಿ ನಿಂತ ಸುಣ್ಣಕಲ್ಲಿನ ಗುಡ್ಡಗಳು ಒಂದೊಂದಾಗಿ ಹಿಂದೆ ಸರಿದವು. ಘಟ್ಟ ಆರಂಭವಾದದ್ದೇ ತಡ, ಹಿಂದಿನ ಸೀಟುಗಳಲ್ಲಿ ವಾಂತಿಯೂ ಆರಂಭವಾಯಿತು. ಲೋಂಗ್‌ಶೆಂಗ್ ಹತ್ತಿರದ ಲೋಂಗ್‌ಜಿ ಮೆಟ್ಟಿಲು ಗದ್ದೆಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಮಂಜು ಕವಿದು, ಮೇಲಿನ ಕಟ್ಟೆಯಿಂದ ನಾಲ್ಕೈದು ಗದ್ದೆಗಳ ಬದುವಷ್ಟೇ ಕಂಡಿತು. ಕೆಲವರು ಫೋಟೊ ತೆಗೆದರು, ಎಲ್ಲರೂ ನೆನೆದರು.

ಲೋಂಗ್‌ಶೆಂಗ್ ದಾಟಿ ಸಾನ್‌ಜಿಯಾಂಗ್ ಕಡೆಗೆ ಹೊರಟ ಮೇಲೆ ಒಂದು ತಿರುವಿನಲ್ಲಿ ಲಾರಿಗಳ ಸಾಲು ನಿಂತಿತ್ತು. ಮುಂದೆ ಗುಡ್ಡ ಜರಿದು ಕೆಂಪು ಮಣ್ಣು ರಸ್ತೆಗೆ ಬಿದ್ದಿತ್ತು. ಚಾಲಕರು ಇಳಿದು ಹೋಗಿ ನೋಡಿ ಬಂದು, ‘ಟೀಚರ್, ಯಂತ್ರ ಬಂದಿದೆ, ಆದರೆ ತಡವಾಗುತ್ತದೆ’ ಎಂದರು. ಎಂಜಿನ್ ಆರಿಸಿ ತಮ್ಮ ಬಿಸಿನೀರಿನ ಫ್ಲಾಸ್ಕ್ ತೆಗೆದು ಚಹಾ ಎಲೆ ಹಾಕಿಕೊಂಡು ನೆಮ್ಮದಿಯಾಗಿ ಕುಳಿತರು.

ರಸ್ತೆಯ ಕೆಳಗೇ ಗದ್ದೆ. ಅಲ್ಲಿ ಒಬ್ಬ ಅಜ್ಜಿ ಒಬ್ಬರೇ ನಾಟಿ ಮಾಡುತ್ತಿದ್ದರು. ಬದುವಿನ ಮೇಲೆ ಅಗೆಯ ಕಟ್ಟುಗಳು, ಅವುಗಳ ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗ. ತೀರ್ಥಹಳ್ಳಿ ಕಡೆಯವಳಾದ ನನಗೆ ಅದನ್ನು ನೋಡುತ್ತಾ ಮೇಲೆ ನಿಂತಿರಲು ಆಗಲಿಲ್ಲ. ಶೂ ಕಳಚಿಟ್ಟು ಇಳಿದೆ. ಅಜ್ಜಿ ತಲೆಯೆತ್ತಿ ನನ್ನ ಕೈಗಳನ್ನು ನೋಡಿದರು. ಎಡಗೈಯಲ್ಲಿ ಕಟ್ಟು ಹಿಡಿದು, ಹೆಬ್ಬೆರಳಿನಿಂದ ಮೂರು ನಾಲ್ಕು ಸಸಿ ಬಿಡಿಸಿ, ಬಲಗೈಯ ಬೆರಳಲ್ಲಿ ಬುಡವನ್ನು ಕೆಸರಿಗೆ ಒತ್ತುವುದು ಅಲ್ಲಿಯೂ ಹಾಗೆಯೇ. ನಾನು ಒಂದು ಸಾಲು ಮುಗಿಸುವವರೆಗೆ ಸುಮ್ಮನಿದ್ದು, ಅಜ್ಜಿ ಇನ್ನೊಂದು ಕಟ್ಟನ್ನು ನನ್ನತ್ತ ಎಸೆದರು. ಆ ಒಪ್ಪಿಗೆ ನನಗೆ ಸಿಕ್ಕ ಯಾವ ಪ್ರಮಾಣಪತ್ರಕ್ಕಿಂತಲೂ ದೊಡ್ಡದು. ಸ್ವಲ್ಪ ಹೊತ್ತಿನಲ್ಲಿ ಪ್ಯಾಂಟ್ ಮಡಚಿಕೊಂಡ ಮಕ್ಕಳು ನನ್ನ ಹಿಂದೆ ಬಂದರು.

ಅಜ್ಜಿ ಈ ಬೆಟ್ಟಗಳ ಡೋಂಗ್ ಸಮುದಾಯದವರು, ಅವರಿಗೆ ತಮ್ಮ ಡೋಂಗ್ ಭಾಷೆ ಮಾತ್ರ ಗೊತ್ತು. ಮೊಮ್ಮಗ ಶಾಲೆಯಲ್ಲಿ ಕಲಿತ ಚೀನೀ ಭಾಷೆಗೆ ಅದನ್ನು ತಿರುಗಿಸಿ ಹೇಳುತ್ತಿದ್ದ. ನಮ್ಮ ತರಗತಿಯ ಹುಡುಗಿಯೊಬ್ಬಳು ಅವನನ್ನು, ‘ಅಪ್ಪ ಅಮ್ಮ ಎಲ್ಲಿ?’ ಎಂದು ಕೇಳಿದಳು. ‘ದೊಂಗ್‌ಗುವಾನ್’ ಎಂದ. ನಮ್ಮ ಗುವಾಂಗ್‌ಝೋವಿಗೆ ತಾಗಿಕೊಂಡೇ ಇರುವ ಕಾರ್ಖಾನೆಗಳ ನಗರ ಅದು. ಹೊಸ ವರ್ಷದ ಹಬ್ಬಕ್ಕೆ ಬರುತ್ತಾರಂತೆ. ಹುಡುಗಿ ಮತ್ತೆ ಮಾತಾಡಲಿಲ್ಲ. ನಾನಿದ್ದ ಸಾಲಿಗೆ ಬಂದು ಬಗ್ಗಿ ನಾಟಿಗೆ ನಿಂತಳು.

ಆಗ ನಾನು ಮಕ್ಕಳಿಗೆ ಈ ರಸ್ತೆಯ ಕಥೆ ಹೇಳಿದೆ. ರೈಲು ಬರುವ ಮೊದಲು ವಸಂತ ಹಬ್ಬದ, ಅಂದರೆ ಚೀನೀ ಹೊಸ ವರ್ಷದ ದಿನಗಳಲ್ಲಿ ಗುವಾಂಗ್‌ಡೋಂಗ್‌ನ ಕಾರ್ಖಾನೆಗಳಿಂದ ಸಾವಿರಾರು ಕಾರ್ಮಿಕರು ಇದೇ 321ರಲ್ಲಿ ಮೋಟಾರ್ ಸೈಕಲ್ ಏರಿ ಗುವಾಂಗ್‌ಶಿಗೆ, ಗುಯ್‌ಝೋವಿಗೆ ಊರು ಸೇರುತ್ತಿದ್ದರು. ಹೆಂಡತಿ ಹಿಂದೆ, ಮಗು ನಡುವೆ, ಮಳೆಗೆ ಪ್ಲಾಸ್ಟಿಕ್ ಹೊದಿಕೆ, ಕೊರೆಯುವ ಚಳಿ. ಅವರಿಗೆ ಬಿಸಿ ಗಂಜಿ, ಶುಂಠಿ ಕಷಾಯ ಕೊಡಲು ದಾರಿಯುದ್ದಕ್ಕೂ ತಂಗುದಾಣಗಳನ್ನು ತೆರೆಯುತ್ತಿದ್ದರು. ರೈಲು ಓಡತೊಡಗಿದ ಮೇಲೆ ಆ ಸಾಲು ಕರಗುತ್ತಾ ಬಂತು. ಪ್ರಯಾಣದ ಗಂಟೆಗಳು ಕಡಿಮೆಯಾದವು. ಅಜ್ಜಿ ಮೊಮ್ಮಕ್ಕಳು ಮಾತ್ರ ಹಳ್ಳಿಯಲ್ಲೇ ಉಳಿದರು.

ದಾರಿ ತೆರವಾದಾಗ ಮಧ್ಯಾಹ್ನ ಕಳೆದಿತ್ತು. ಚೆಂಗ್‌ಯಾಂಗ್‌ನ ಮಳೆಗಾಳಿ ಸೇತುವೆಗೆ ತಲುಪಿದ್ದು ಸಂಜೆ. ಲಿನ್‌ಶಿ ಹೊಳೆಯ ಮೇಲೆ ಐದು ಗೋಪುರ ಹೊತ್ತ, ಮಾಡು ಹೊದಿಸಿದ ಮರದ ಸೇತುವೆ. ಹಳ್ಳಿಗರು ತಾವೇ ಹಣ, ಮರ, ದುಡಿಮೆ ಕೂಡಿಸಿ 1912ರಲ್ಲಿ ಇದರ ಕೆಲಸಕ್ಕೆ ಕೈಹಾಕಿದರು. 1983ರ ನೆರೆಯಲ್ಲಿ ಒಂದು ಭಾಗ ಕೊಚ್ಚಿಹೋದಾಗ ಹಳೆಯ ಕ್ರಮದಲ್ಲೇ ಮತ್ತೆ ಕಟ್ಟಿದರು. ತೊಲೆಗೆ ತೊಲೆ ಕಚ್ಚಿಸಿ ನಿಲ್ಲಿಸಿದ್ದಾರೆ, ಕಬ್ಬಿಣದ ಮೊಳೆಯಿಲ್ಲ. ಡೋಂಗ್ ಬಡಗಿಗಳಿಗೆ ಕಾಗದದ ನಕ್ಷೆ ಬೇಡ. ಸೀಳಿದ ಬಿದಿರಿನ ಗಳದ ಮೇಲೆ ಮಾಡಿಕೊಂಡ ಗುರುತುಗಳಲ್ಲೇ ಇಡೀ ಕಟ್ಟಡದ ಅಳತೆ ಇರುತ್ತದೆ. ಸೇತುವೆಯೊಳಗೆ ಎರಡೂ ಬದಿಗೆ ಜಗಲಿಯಂತೆ ಹಲಗೆಯ ಆಸನ. ಕೂತು ಕೂತು ಹೊಳಪೇರಿದ ಆ ಹಲಗೆಗಳ ಮೇಲೆ ನಮ್ಮ ಮಕ್ಕಳು ಕೆಸರುಗಾಲಲ್ಲೇ ಒರಗಿದರು. ಬದಿಯಲ್ಲಿ ಮಾರಲು ಕೂತಿದ್ದ ಹೆಂಗಸು ಎಣ್ಣೆ ಚಹಾ ಕೊಟ್ಟರು: ಎಣ್ಣೆಯಲ್ಲಿ ಹುರಿದು ಕುದಿಸಿದ ಚಹಾ ಎಲೆಯ ಉಪ್ಪು ಸಾರು, ಅದರ ಮೇಲೆ ಕರಿದ ಅಕ್ಕಿಯ ಅರಳು ಮತ್ತು ಶೇಂಗಾ. ಬೆಳಗ್ಗೆಯಿಂದ ಏನನ್ನೂ ಮುಟ್ಟದಿದ್ದ ಹುಡುಗ ಮೂರು ಬಟ್ಟಲು ಕುಡಿದ.

ಝಾವೋಶಿಂಗ್ ಸೇರುವಾಗ ಕತ್ತಲಾಗಿತ್ತು. ಅಲ್ಲಿ ಊರವರು ಸಭೆ ಸೇರುವ ಐದು ನಗಾರಿ ಗೋಪುರಗಳಿವೆ, ಎಲ್ಲವೂ ಫರ್ ಮರದವು. ಹೆಣ್ಣುಮಗು ಹುಟ್ಟಿದಾಗ ಫರ್ ಸಸಿಗಳನ್ನು ನೆಟ್ಟು, ಅವಳು ಹದಿನೆಂಟಕ್ಕೆ ಬರುವಾಗ ಮದುವೆಗೆಂದು ಮರ ಬಲಿತಿರಬೇಕೆಂದು ಲೆಕ್ಕ ಹಾಕುವ ಪದ್ಧತಿ ಡೋಂಗ್ ಜನರಲ್ಲಿದೆ. ವಸತಿಗೃಹದ ಯಜಮಾನರು ಊಟ ಬಡಿಸುತ್ತಾ ಗದ್ದೆಗೆ ಮೀನುಮರಿ ಬಿಡುವ ಕಾಲ ಇದೇ ಎಂದರು. ಮೀನು ಸ್ವಲ್ಪ ದೊಡ್ಡದಾದ ಮೇಲೆ ಬಾತುಮರಿಗಳನ್ನು ಬಿಡುತ್ತಾರೆ. ಕಳೆ, ಹುಳು ತಿನ್ನುವುದು ಅವುಗಳ ಪಾಲು, ಗೊಬ್ಬರ ಪೈರಿನ ಪಾಲು. ಪಕ್ಕದ ತ್ಸೋಂಗ್‌ಜಿಯಾಂಗ್ ಜಿಲ್ಲೆಯ ಈ ಬೇಸಾಯಕ್ಕೆ 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿದೆ.

ಮರುದಿನದ ಪಟ್ಟಿಯಲ್ಲಿ ವಸ್ತುಸಂಗ್ರಹಾಲಯ ಮತ್ತು ಪ್ರವಾಸಿಗರ ನೃತ್ಯ ಪ್ರದರ್ಶನ ಇದ್ದವು. ನೃತ್ಯ ಬಿಟ್ಟು ಗದ್ದೆಗೆ ಹೋಗಬಹುದೇ ಎಂದು ಮಕ್ಕಳೇ ಬಂದು ಕೇಳಿದರು. ಯಜಮಾನರು ಬೆಳಗ್ಗೆ ಆರಕ್ಕೆ ಎದ್ದು ಬರುವುದಾದರೆ ಮೀನುಮರಿಯ ಬುಟ್ಟಿಗಳನ್ನು ಹೊರಲು ಕೆಲಸವಿದೆ ಎಂದರು. ದೊಂಗ್‌ಗುವಾನ್ ಎಂಬ ಉತ್ತರ ಕೇಳಿಸಿಕೊಂಡಿದ್ದ ಹುಡುಗಿ ತನ್ನ ಹೆಸರನ್ನು ಮೊದಲು ಬರೆಸಿದಳು.