ದೊಡ್ಡಪ್ಪನ ಕರುಳಲ್ಲಿ ಸಿಕ್ಕ ಲಿಂಫೋಮಾ

ನಮ್ಮ ದೊಡ್ಡಪ್ಪನಿಗೆ ಮ್ಯಾಂಟಲ್ ಸೆಲ್ ಲಿಂಫೋಮಾ. ಬಿಳಿ ರಕ್ತಕಣಗಳಲ್ಲಿ ಬಿ ಕಣ ಅಂತ ಒಂದು ಬಗೆ ಇದೆ, ಅದು ಕೆಟ್ಟು ಬೆಳೆಯುವ ಕ್ಯಾನ್ಸರ್ ಇದು. ಲಿಂಫೋಮಾ ಅಂದ ಕೂಡಲೇ ಎಲ್ಲರೂ ಕೇಳುವುದು, ಕತ್ತಲ್ಲಿ ಗಂಟು ಇತ್ತಾ ಅಂತ. ಇರಲಿಲ್ಲ. ಇದ್ದದ್ದು ಮಲದಲ್ಲಿ ರಕ್ತ, ಸುಸ್ತು, ಸೊಂಟದಲ್ಲಿ ನಿಲ್ಲದ ಪ್ಯಾಂಟು. ಊರಿನವರು ಪೈಲ್ಸ್ ಅಂದರು, ಮೊದಲು ನೋಡಿದ ಡಾಕ್ಟರೂ ಅದನ್ನೇ ಹೇಳಿ ಮುಲಾಮು ಬರೆದರು, ದೊಡ್ಡಮ್ಮ ದಿನಾ ಸುವರ್ಣಗಡ್ಡೆ ಪಲ್ಯ ಮಾಡಿ ಹಾಕಿದರು.

ಕೊನೆಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ, ಮಾಡಿದಾಗ ದೊಡ್ಡ ಕರುಳಿನ ಉದ್ದಕ್ಕೂ ನೆನೆಸಿದ ಸಬ್ಬಕ್ಕಿ ಚೆಲ್ಲಿದ ಹಾಗೆ ನುಣ್ಣನೆ ಸಣ್ಣ ಸಣ್ಣ ಗುಳ್ಳೆಗಳು. ಇದಕ್ಕೆ ಲಿಂಫೋಮ್ಯಾಟಸ್ ಪಾಲಿಪೋಸಿಸ್ ಅಂತಾರೆ, 1961ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ಹೀಗೆ ಕಣ್ಣಿಗೆ ಕಾಣುವಷ್ಟು ಆಗುವುದು ಅಪರೂಪ. ಆದರೆ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರ್‌ನವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ ನಾನು ಬೆಚ್ಚಿಬಿದ್ದೆ: ಈ ಕಾಯಿಲೆಯವರಲ್ಲಿ, ಕರುಳು ನೋಡೋಕೆ ಚೆನ್ನಾಗೇ ಇದ್ದವರನ್ನೂ ಸೇರಿಸಿ, ಚೂರು ತೆಗೆದು ಪರೀಕ್ಷಿಸಿದಾಗ ಒಟ್ಟಾರೆ 100ಕ್ಕೆ 88 ಮಂದಿಯ ದೊಡ್ಡ ಕರುಳಲ್ಲಿ ಕಾಯಿಲೆ ಇತ್ತಂತೆ. ಹೊಟ್ಟೆಯ ತೊಂದರೆ ಇದೆ ಅಂತ ಹೇಳಿದ್ದವರು ಮಾತ್ರ ಸುಮಾರು ಕಾಲು ಭಾಗ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಟಿಬಿ ಜಾಸ್ತಿ ಅಲ್ವಾ, ಅದರಲ್ಲೂ ಹೊಟ್ಟೆನೋವು, ಜ್ವರ, ತೂಕ ಇಳಿಯೋದು. ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸೋದು) ಮಾಡದೆ ಸುಮ್ನೆ ಟಿಬಿ ಮಾತ್ರೆ ಶುರು ಮಾಡಿ ತಿಂಗಳುಗಟ್ಟಲೆ ಕಾದರೆ ಲಿಂಫೋಮಾ ಅಷ್ಟೂ ದಿನ ಬೆಳೆಯುತ್ತಲೇ ಇರುತ್ತದೆ. ಬಯಾಪ್ಸಿಯಲ್ಲೂ ಮೊದಲ ರಿಪೋರ್ಟ್ ಸಾಲದು. ಇಮ್ಯುನೋಹಿಸ್ಟೋಕೆಮಿಸ್ಟ್ರಿ ಅಂತ ಬಣ್ಣ ಹಾಕಿ ನೋಡುವ ಪರೀಕ್ಷೆ ಬೇಕು. ದೊಡ್ಡಪ್ಪನ ರಿಪೋರ್ಟಿನಲ್ಲಿ 'ಸೈಕ್ಲಿನ್ ಡಿ1 ಪಾಸಿಟಿವ್' ಅಂತ ಬಂದ ಮೇಲೆಯೇ ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿತು. ಈ ಕಾಯಿಲೆಯಲ್ಲಿ 11 ಮತ್ತು 14ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಸೈಕ್ಲಿನ್ ಡಿ1 ಅನ್ನುವ ಪ್ರೋಟೀನು ವಿಪರೀತ ತಯಾರಾಗುತ್ತದೆ.

ಮನೆಯಲ್ಲಿ ಎಲ್ಲರ ಹಟ ಒಂದೇ, ಆಪರೇಷನ್ ಮಾಡಿ ತೆಗೆದುಬಿಡಿ. ಆದರೆ ಇದು ಬರೀ ಕರುಳಿನ ಕಾಯಿಲೆಯಲ್ಲ, ಮೂಳೆಯ ಮಜ್ಜೆಯಲ್ಲೂ ಸೇರಿಕೊಂಡಿತ್ತು. ಅದಕ್ಕೇ ಬಿ ಕಣಗಳನ್ನೇ ಗುರಿಯಿಟ್ಟು ಹೊಡೆಯುವ ರಿಟುಕ್ಸಿಮ್ಯಾಬ್ ಅನ್ನುವ ಔಷಧದ ಜೊತೆ ಕೀಮೋ ಕೊಡುತ್ತಿದ್ದಾರೆ. ಮರುಕಳಿಸಿದರೆ ಐಬ್ರುಟಿನಿಬ್ ತರಹದ ಮಾತ್ರೆಗಳಿವೆ, 2013ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಐಬ್ರುಟಿನಿಬ್‌ಗೆ ಒಪ್ಪಿಗೆ ಸಿಕ್ಕಿತ್ತು, ಆದರೆ 2023ರಲ್ಲಿ ಅಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ಇನ್ನೊಂದು ಆಸ್ಪತ್ರೆಯಲ್ಲಿ ತೋರಿಸಬೇಕು ಅಂತಿದ್ದರೆ ರಿಪೋರ್ಟ್ ಹಾಳೆ ಮಾತ್ರ ಹಿಡಿದು ಹೋಗಬೇಡಿ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳು ಲ್ಯಾಬಿನಲ್ಲಿ ಇರುತ್ತವೆ. ಅರ್ಜಿ ಕೊಟ್ಟು ಕೇಳಿ ಇಸ್ಕೊಳ್ಳಿ.