ಅಷ್ಟು ದೂರದ ಯುದ್ಧಕ್ಕೆ ಇಲ್ಲಿ ಅಡುಗೆ ಎಣ್ಣೆ ಬೆಲೆ ಏಕೆ ಏರುತ್ತದೆ, ನಿದ್ದೆ ಏಕೆ ಕೆಡುತ್ತದೆ?

ಜನ ಈ ಎರಡನ್ನೂ ಒಟ್ಟಿಗೇ ಕೇಳುತ್ತಾರೆ. ಆದರೆ ಭಯ ಬರುವ ದಾರಿ ಬೇರೆ, ಬೆಲೆ ಬರುವ ದಾರಿ ಬೇರೆ. ಎರಡರ ವೇಗವೂ ಬೇರೆ.

ಭಯ ನಿಮಿಷಗಳಲ್ಲಿ ಬರುತ್ತದೆ, ಅದೂ ಫೋನಿನ ಮೂಲಕ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ನಂತರ ನಡೆದ ಅಧ್ಯಯನದಲ್ಲಿ, ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿಯಲ್ಲೇ ಮುಳುಗಿದ್ದವರ ಮನಸ್ಸಿನ ಒತ್ತಡ, ಸ್ಥಳದಲ್ಲೇ ಇದ್ದವರ ಒತ್ತಡಕ್ಕಿಂತ ಹೆಚ್ಚಾಗಿತ್ತು. ಹಾಗಾಗಿ ಸುದ್ದಿ ಬಿಡಬೇಕಿಲ್ಲ, ಗಂಟೆಗಟ್ಟಲೆ ಅದರಲ್ಲೇ ಮುಳುಗುವುದನ್ನು ಬಿಟ್ಟರೆ ಸಾಕು. ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿಕೊಂಡು ಓದಿ. ಮಲಗುವ ಮುಂಚಿನ ಒಂದು ಗಂಟೆ ಬೇಡವೇ ಬೇಡ.

ಬೆಲೆಗೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. 2022ನ್ನೇ ನೋಡಿ. ಜಗತ್ತಿನಲ್ಲಿ ರಫ್ತಾಗುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು ಅರ್ಧ ಉಕ್ರೇನಿನದು. ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಅಲ್ಲಿನ ಬಂದರುಗಳು ಮುಚ್ಚಿದವು. ಕೊಳ್ಳುವವರೆಲ್ಲ ತಾಳೆ, ಸೋಯಾ ಎಣ್ಣೆಗಳತ್ತ ಹೊರಳಿದರು, ಅವೂ ತುಟ್ಟಿಯಾದವು. ತನ್ನ ಜನರಿಗೇ ಸಾಲದೆಂದು ಇಂಡೋನೇಷ್ಯಾ ಏಪ್ರಿಲ್ 28ರಿಂದ ಮೂರು ವಾರಕ್ಕೂ ಹೆಚ್ಚು ಕಾಲ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಒಂದು ಎಣ್ಣೆಯ ಕೊರತೆ ಎಲ್ಲ ಎಣ್ಣೆಗಳ ಕೊರತೆಯಾದದ್ದು ಹೀಗೆ. ಗೊಬ್ಬರದ ಕಥೆ ಇನ್ನೂ ನಿಧಾನ: ನೈಸರ್ಗಿಕ ಅನಿಲದಿಂದ ಅಮೋನಿಯ, ಅಮೋನಿಯದಿಂದ ಯೂರಿಯಾ. ಅನಿಲ ತುಟ್ಟಿಯಾದರೆ, ಗೊಬ್ಬರದ ಬೆಲೆಯನ್ನು ಸರ್ಕಾರ ಹಿಡಿದಿಡದ ಕಡೆ ಅದರ ಬಿಸಿ ರೈತರಿಗೆ ಮುಂದಿನ ಬಿತ್ತನೆಯಲ್ಲಿ, ಉಣ್ಣುವವರಿಗೆ ಆ ಬೆಳೆ ಮಾರುಕಟ್ಟೆಗೆ ಬಂದ ಮೇಲೆ ತಟ್ಟುತ್ತದೆ. ಯುದ್ಧದ ಸುದ್ದಿ ತಣ್ಣಗಾದ ಮೇಲೂ ಬೆಲೆ ಕೂಡಲೇ ಇಳಿಯದು, ಏಕೆಂದರೆ ಗೋದಾಮಿನಲ್ಲಿರುವುದು ತುಟ್ಟಿಯಲ್ಲಿ ಕೊಂಡ ಸರಕು.

ನಿಜವಾದ ಹಾನಿ ಆಗುವುದು ಭಯ ಮೊದಲು ಬಂದು, ಬೆಲೆ ಇನ್ನೂ ಬರದಿರುವ ನಡುವಿನ ದಿನಗಳಲ್ಲಿ. ವಾರಕ್ಕೊಂದು ಪೊಟ್ಟಣ ಕೊಳ್ಳುವ ಮನೆಗಳೆಲ್ಲ ಎರಡೆರಡು ಕೊಂಡರೆ, ಉತ್ಪಾದನೆ ಒಂದಿಷ್ಟೂ ತಗ್ಗದಿದ್ದರೂ ಅಂಗಡಿ ಅರ್ಧ ಸಮಯದಲ್ಲೇ ಖಾಲಿ. ಖಾಲಿ ಕಪಾಟು ಕಂಡವರು ಮತ್ತಷ್ಟು ಹೆದರುತ್ತಾರೆ. ದಿನಗೂಲಿಯಲ್ಲಿ ಆಯಾ ದಿನಕ್ಕಷ್ಟೇ ಕೊಳ್ಳುವವರಿಗೆ ಕೊನೆಗೆ ಏನೂ ಸಿಗದು. ಇದು ನನಗೆ ಬಹಳ ನೋವಿನ ಸಂಗತಿ, ಏಕೆಂದರೆ ತಪ್ಪಿಸಬಹುದಾದದ್ದು. ಮಾಮೂಲಿಗಿಂತ ಒಂದು ವಾರದ್ದು ಹೆಚ್ಚಿದ್ದರೆ ಸಾಕು, ಅದನ್ನೂ ಪೇಟೆ ಶಾಂತವಾಗಿರುವಾಗಲೇ ಕೊಂಡಿಡಿ.

ಭಯ ಎಲ್ಲರನ್ನೂ ಸ್ವಾರ್ಥಿಗಳನ್ನಾಗಿಸುತ್ತದೆ ಅನ್ನುವುದೂ ಸುಳ್ಳು. ಕೋವಿಡ್ ಶುರುವಾದಾಗ, ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವಲಸಿಗರು ಕಳಿಸುವ ಹಣ 2020ರಲ್ಲಿ ಸುಮಾರು ಶೇ. 20ರಷ್ಟು ಕುಸಿಯುತ್ತದೆ ಎಂದು ವಿಶ್ವಬ್ಯಾಂಕ್ ಅಂದಾಜಿಸಿತ್ತು. ಕುಸಿದದ್ದು ಶೇ. 2ಕ್ಕಿಂತ ಕಡಿಮೆ. ಎಷ್ಟೋ ಮಂದಿ ತಮ್ಮ ಖರ್ಚು ಕಡಿದು, ಉಳಿತಾಯ ಮುರಿದು ಮನೆಗೆ ಕಳಿಸಿದ್ದರು. ಆದ್ದರಿಂದ ನಿಮ್ಮವರು ಹೊರದೇಶದಲ್ಲಿ ದುಡಿಯುತ್ತಿದ್ದರೆ, ಹಣ ಬಂತೆಂದ ಮಾತ್ರಕ್ಕೆ ಅಲ್ಲಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಊಟ, ಬಾಡಿಗೆ ಹೇಗೆ ನಡೆಯುತ್ತಿದೆ ಎಂದು ಬಿಡಿಸಿ ಕೇಳಿ. ಈ ತಿಂಗಳು ಕಡಿಮೆ ಕಳಿಸಿದರೂ ನಡೆಯುತ್ತದೆ ಎಂದು ನೀವೇ ಮೊದಲು ಹೇಳಿ.