‘ಸುಮ್ನೆ ಒಂದು ಇಟ್ಕೊಂಡಿರ್ಬಾರ್ದಾ?’

ಹಾಯಿದೋಣಿಯಲ್ಲಿ ದೇಶದಿಂದ ದೇಶಕ್ಕೆ ಹೋಗುವವರನ್ನು ಕಂಡರೆ ಜನ ಬಿರುಗಾಳಿಯ ಬಗ್ಗೆ ಕೇಳುತ್ತಾರೆ, ಶೌಚಾಲಯದ ಬಗ್ಗೆ ಕೇಳುತ್ತಾರೆ, ಮೂರನೆಯದಾಗಿ ‘ಬಂದೂಕು ಇದೆ ತಾನೇ?’ ಅನ್ನುತ್ತಾರೆ. ಆ ‘ತಾನೇ’ ಗಮನಿಸಿ. ಉತ್ತರವನ್ನು ಅವರೇ ತಂದಿರುತ್ತಾರೆ, ನಾವು ತಲೆಯಾಡಿಸಬೇಕಷ್ಟೆ. ಇಲ್ಲ ಅಂದರೆ ಒಂದು ಕ್ಷಣ ಮುಖ ನೋಡಿ, ದನಿ ತಗ್ಗಿಸಿ, ‘ಸುಮ್ನೆ ಒಂದು ಇಟ್ಕೊಂಡಿರ್ಬಾರ್ದಾ?’ ಅನ್ನುತ್ತಾರೆ.

ನನಗೆ ಸಿಟ್ಟು ಬರುವುದು ಈ ‘ಸುಮ್ನೆ’ಯ ಮೇಲೆ. ಕೊಡೆಯನ್ನು ಸುಮ್ನೆ ಇಟ್ಟುಕೊಳ್ಳಬಹುದು. ಇನ್ನೊಂದು ಲಂಗರನ್ನೂ ಇಟ್ಟುಕೊಳ್ಳಬಹುದು. ಬಂದೂಕು ಹಾಗಲ್ಲ. ಅದು ದೋಣಿ ಹತ್ತಿದ ದಿನದಿಂದ ಯಾವ ದೇಶಕ್ಕೆ ಹೋಗಬಹುದು, ಯಾವ ಬಂದರಿನಿಂದ ಹೊರಡಬೇಕು, ಯಾವತ್ತು ಹೊರಡಬೇಕು ಅನ್ನುವುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ಹಾಗಾಗಿ ಒಂದೇ ಸಲ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ನಡುಗಡಲಿನಲ್ಲಿ ದೋಣಿಗೆ ಅನ್ವಯಿಸುವುದು ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಕಾನೂನು. ಅಲ್ಲಿನ ಪರವಾನಗಿ ಇದ್ದರೆ ಬಂದೂಕು ಇರಬಹುದು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ಬಂದ ಕೂಡಲೇ ಆ ತೀರದ ದೇಶದ ಕಾನೂನು ಶುರು. ಐದು ನಾಟ್, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ ವೇಗದ ದೋಣಿಗೆ ಅದು ಎರಡೂವರೆ ಗಂಟೆಯ ದಾರಿಯೂ ಅಲ್ಲ. ಇನ್ನು ವಿಹಾರದ ದೋಣಿಗಳಿಗೆ ಕಳ್ಳರು ಬರುವುದು ಎಲ್ಲಿ? ಬಹುಪಾಲು ಲಂಗರು ಹಾಕಿ ಮಲಗಿದ ಜಾಗದಲ್ಲಿ, ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಕಳ್ಳರು ಅಪರೂಪವಾದ ನಡುಗಡಲಿನಲ್ಲಿ ಬಂದೂಕು ಕೈಯಲ್ಲಿರುತ್ತದೆ. ಕಳ್ಳರು ಬರುವ ಜಾಗಕ್ಕೆ ಬಂದಾಗ ಅದು ಎಷ್ಟೋ ದೇಶಗಳಲ್ಲಿ ಪೊಲೀಸ್ ಠಾಣೆಯ ಕಪಾಟಿನಲ್ಲಿರುತ್ತದೆ.

‘ಹೊರದೇಶದಿಂದ ಬಂದಿದ್ದೇವೆ, ತಪಾಸಣೆ ಆಗಬೇಕು’ ಅನ್ನುವ ಹಳದಿ ಬಾವುಟ ಏರಿಸಿ ಬಂದರಿಗೆ ಬಂದ ತಕ್ಷಣ, ಯಾರೂ ಕೇಳುವ ಮುಂಚೆಯೇ, ಆಯುಧ ಇದೆ ಎಂದು ಬರೆದುಕೊಡಬೇಕು. ತಯಾರಕರ ಹೆಸರು, ಮಾದರಿ, ನಳಿಗೆಯ ಅಳತೆ, ಸರಣಿ ಸಂಖ್ಯೆ, ಜೊತೆಗೆ ತೋಟಾಗಳ ಲೆಕ್ಕ. ಲೆಕ್ಕ ಅಂದರೆ ‘ಸುಮಾರು ಎರಡು ಡಬ್ಬಿ’ ಅಲ್ಲ, ಒಂದೊಂದಾಗಿ ಎಣಿಸಿದ ಸಂಖ್ಯೆ. ಬಹಾಮಾಸ್‌ನಂಥ ಕಡೆ ಹೀಗೆ ಬರೆದುಕೊಟ್ಟರೆ ಬಂದೂಕನ್ನು ದೋಣಿಯಲ್ಲೇ ಬೀಗ ಹಾಕಿ ಇಟ್ಟುಕೊಳ್ಳಲು ಬಿಡುತ್ತಾರೆ, ಆದರೆ ದಡಕ್ಕೆ ತರುವಂತಿಲ್ಲ. ಕೆಲವು ಕಡೆ ದೋಣಿಯ ಕಪಾಟಿಗೇ ಸೀಲು ಹಾಕುತ್ತಾರೆ. ರಾತ್ರಿ ಕಳ್ಳ ಬಂದನೆಂದು ಆ ಸೀಲು ಒಡೆದರೆ ಬೆಳಗ್ಗೆ ಕಸ್ಟಮ್ಸ್‌ನವರಿಗೆ ಉತ್ತರ ಹೇಳಬೇಕಾದವರು ನೀವು. ಉಳಿದ ಕಡೆ ರಸೀದಿ ಕೊಟ್ಟು ಒಯ್ಯುತ್ತಾರೆ.

ಒಯ್ದದ್ದು ಬಂದ ಬಂದರಿನಲ್ಲೇ ಉಳಿಯುತ್ತದೆ. ನೀವು ದ್ವೀಪದಿಂದ ದ್ವೀಪಕ್ಕೆ ಜಾರುತ್ತಾ ಗಾಳಿಯ ಜೊತೆ 200 ಮೈಲಿ ದೂರ ಹೋಗಿರುತ್ತೀರಿ. ಬಂದೂಕಿಗಾಗಿ ಗಾಳಿಗೆ ಎದುರಾಗಿ ಅಷ್ಟೂ ದೂರ ಮರಳಬೇಕು. ಒಳ್ಳೆಯ ಹವಾಮಾನ ಎರಡು ದಿನಕ್ಕಷ್ಟೇ ತೆರೆದಿದೆ, ಅವತ್ತು ಶನಿವಾರ, ಕಪಾಟಿನ ಕೀಲಿ ಇರುವ ಅಧಿಕಾರಿ ಬರುವುದು ಸೋಮವಾರ. ನಡುವೆ ಎಲ್ಲೋ ಡಬ್ಬಿಗೆ ಹೊಡೆದು ಗುರಿ ನೋಡಿದ್ದರೆ ಎರಡು ತೋಟಾ ಕಮ್ಮಿ. ಆ ಎರಡು ಎಲ್ಲಿ ಹೋದವು, ಯಾರಿಗೆ ಮಾರಿದಿರಿ ಅನ್ನುವ ಪ್ರಶ್ನೆಯೂ ಅದೇ ಸೋಮವಾರ.

‘ಹೇಳದೆ ಬಚ್ಚಿಟ್ಟರೆ?’ ಇದನ್ನು ಕೇಳುವವರು ಯಾವಾಗಲೂ ನಗುತ್ತಾ ಕೇಳುತ್ತಾರೆ. ಹನ್ನೆರಡು ಮೀಟರ್ ದೋಣಿಯಲ್ಲಿ ನಿಮಗೆ ಹೊಳೆದ ಜಾಗ ಕಸ್ಟಮ್ಸ್‌ನವರಿಗೆ ನಿಮಗಿಂತ ಮೊದಲೇ ಹೊಳೆದಿರುತ್ತದೆ. ಸಿಂಗಾಪುರದಲ್ಲಿ ಪರವಾನಗಿ ಇಲ್ಲದ ಆಯುಧ ಇಟ್ಟುಕೊಂಡದ್ದಕ್ಕೇ 5ರಿಂದ 10 ವರ್ಷ ಸೆರೆ, ಮೇಲೆ ಕನಿಷ್ಠ 6 ಛಡಿ ಏಟು. ಬಚ್ಚಿಡದೆ ಇದ್ದವರ ಪಾಡೂ ನೋಡಿ. 2013ರ ಅಕ್ಟೋಬರ್‌ನಲ್ಲಿ ತೂತ್ತುಕುಡಿ ಬಳಿ ‘ಸೀಮನ್ ಗಾರ್ಡ್ ಓಹಿಯೋ’ ಎಂಬ ಕಾವಲು ಹಡಗನ್ನು ಹಿಡಿದರು. ವ್ಯಾಪಾರಿ ಹಡಗುಗಳಿಗೆ ಕಡಲ್ಗಳ್ಳರಿಂದ ರಕ್ಷಣೆ ಕೊಡುವುದೇ ಅವರ ಕಸುಬು. ಹಡಗು ನಮ್ಮ ಸರಹದ್ದಿನ ಒಳಗಿತ್ತೋ ಇಲ್ಲವೋ, ಯಾವ ಕಾರಣಕ್ಕೆ ಬಂತು ಅನ್ನುವುದರ ಮೇಲೆಯೇ ವಾದ. 2016ರಲ್ಲಿ 35 ಜನರಿಗೆ ಐದೈದು ವರ್ಷ ಶಿಕ್ಷೆಯಾಯಿತು, 2017ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಬಿಡುಗಡೆ ಮಾಡಿತು. ಕಂಪನಿ, ಕಾಗದಪತ್ರ, ವಕೀಲರು ಎಲ್ಲ ಇದ್ದೂ ನಾಲ್ಕು ವರ್ಷ. ಗಂಡ-ಹೆಂಡತಿ ಇಬ್ಬರೇ ಹೋಗುವ ದೋಣಿಗೆ ಯಾರಿದ್ದಾರೆ?

ಸರಿ, ಕಾನೂನೆಲ್ಲ ಒಪ್ಪಿತು ಅಂತಿಟ್ಟುಕೊಳ್ಳೋಣ. ಆಮೇಲೆ ಉಪ್ಪು. ಸಮುದ್ರಕ್ಕೆಂದೇ ನಿಕಲ್ ಲೇಪ ಕೊಟ್ಟ ಶಾಟ್‌ಗನ್‌ಗಳು ಸಿಗುತ್ತವೆ, ಹೊರಗೆ ಫಳಫಳ ಹೊಳೆಯುತ್ತವೆ. ತುಕ್ಕು ಶುರುವಾಗುವುದು ಒಳಗೆ, ತೋಟಾ ತಳ್ಳುವ ಸ್ಪ್ರಿಂಗಿನಲ್ಲಿ, ಸಣ್ಣ ಪಿನ್ನುಗಳಲ್ಲಿ. ಆಗಾಗ ಬಿಚ್ಚಿ ಒರೆಸಿ ತೆಳುವಾಗಿ ಎಣ್ಣೆ ಹಚ್ಚದಿದ್ದರೆ ಬೇಕಾದ ದಿನ ಎರಡನೇ ತೋಟಾ ಮೇಲೆ ಬರುವುದಿಲ್ಲ. ಎಣ್ಣೆ ಜಾಸ್ತಿಯಾಗಿ ತೋಟಾದ ತಳಕ್ಕೆ ಇಳಿದರೆ ಕಿಡಿಮದ್ದೇ ಸತ್ತುಹೋಗುತ್ತದೆ. ತೋಟಾದ ಲೋಹದ ತಳ ಹಸಿರುಗಟ್ಟಿ ಉಬ್ಬಿದರೆ ನಳಿಗೆಯಲ್ಲೇ ಕಚ್ಚಿಕೊಳ್ಳುತ್ತದೆ.

ಇನ್ನು ರಾತ್ರಿ ಎರಡು ಗಂಟೆ. ನೀವು ಮುಂದಿನ ಕೋಣೆಯಲ್ಲಿ ಮಲಗಿದ್ದೀರಿ. ತಲೆಯ ಮೇಲೆ ಡೆಕ್ಕಿನಲ್ಲಿ ಬರಿಗಾಲಿನ ಸದ್ದು, ದೋಣಿ ಒಂದು ಬದಿಗೆ ಕೊಂಚ ವಾಲುತ್ತದೆ. ಬಂದೂಕು ಒಂದು ಪೆಟ್ಟಿಗೆಯಲ್ಲಿ, ತೋಟಾ ಇನ್ನೊಂದರಲ್ಲಿ, ನಿಯಮವೇ ಹಾಗೆ. ಎರಡು ಕೀಲಿ, ದೀಪ ಹಾಕುವಂತಿಲ್ಲ, ಕನ್ನಡಕ ಎಲ್ಲೋ. ನೀವು ತೋಟಾ ತುಂಬಿ ಡೆಕ್ಕಿಗೆ ಹತ್ತುವ ಮೆಟ್ಟಿಲ ಬಾಯಿಗೆ ಬರುವ ಹೊತ್ತಿಗೆ ಮೇಲಿದ್ದವನು ಒಂದೋ ಹೋಗಿರುತ್ತಾನೆ, ಇಲ್ಲವೇ ಮೆಟ್ಟಿಲಲ್ಲೇ ಇರುತ್ತಾನೆ. ಆ ಬಾಯಿ ಒಬ್ಬರಷ್ಟೇ ಅಗಲ, ಮೊದಲು ಹೊರಗೆ ಬರುವುದು ನಿಮ್ಮ ತಲೆ. ಗುರಿ ತಪ್ಪಿದ ಗುಂಡನ್ನು ಫೈಬರ್ ಗೋಡೆ ತಡೆಯುವುದಿಲ್ಲ. ಪಕ್ಕದಲ್ಲಿ ಲಂಗರು ಹಾಕಿದವರೂ ಮಲಗಿರುತ್ತಾರೆ.

ಮೇಲೆ ಬಂದವನು ಕಳ್ಳ ಅಂತ ಗೊತ್ತಾಗುವುದು ಹೇಗೆ? ಮೀನುಗಾರರ ದೋಣಿ ನಮ್ಮ ಕಡೆಗೇ ನುಗ್ಗಿ ಬರುವುದಕ್ಕೆ ನೂರು ಕಾರಣಗಳಿವೆ. ಮುಂದೆ ಬಲೆ ಹರಡಿದೆ, ತುಳಿಯಬೇಡಿ ಎಂದು ಕೈಬೀಸುತ್ತಾ ಬರುತ್ತಾರೆ. ನೀರು ಕೇಳಲು, ಮೀನು ಮಾರಲು ಬರುತ್ತಾರೆ. 2012ರ ಫೆಬ್ರವರಿ 15ರಂದು ಕೇರಳದ ಕರಾವಳಿಯಿಂದ ಸುಮಾರು 20 ನಾಟಿಕಲ್ ಮೈಲಿ ಆಚೆ ‘ಎನ್ರಿಕಾ ಲೆಕ್ಸಿ’ ಹಡಗಿನ ಮೇಲಿದ್ದ ಇಟಲಿಯ ನೌಕಾಯೋಧರು ಇಬ್ಬರು ಮೀನುಗಾರರನ್ನು ಕಡಲ್ಗಳ್ಳರೆಂದು ತಿಳಿದು ಗುಂಡಿಟ್ಟು ಕೊಂದರು. ತರಬೇತಾದ ಸೈನಿಕರು, ಎತ್ತರದ ಹಡಗು, ಹಾಡಹಗಲು. ಭಾರತದಲ್ಲಿ ಆ ಪ್ರಕರಣ ಮುಗಿದದ್ದು 2021ರಲ್ಲಿ, 10 ಕೋಟಿ ರೂಪಾಯಿ ಪರಿಹಾರ ಬಂದ ಮೇಲೆ. ನಿದ್ದೆಗಣ್ಣಿನಲ್ಲಿ, ಅಲುಗುವ ಡೆಕ್ಕಿನ ಮೇಲೆ ನಾನು ಅವರಿಗಿಂತ ಚೆನ್ನಾಗಿ ಗುರುತಿಸುತ್ತೇನೆ ಅನ್ನುವ ಧೈರ್ಯ ನನಗಿಲ್ಲ. ವ್ಯಾಪಾರಿ ಹಡಗುಗಳ ನಾವಿಕರು ಆತ್ಮರಕ್ಷಣೆಗೆ ಆಯುಧ ಹಿಡಿಯುವುದನ್ನು ಅಂತಾರಾಷ್ಟ್ರೀಯ ಕಡಲ ಸಂಸ್ಥೆಯೂ ಬಲವಾಗಿ ಬೇಡವೆನ್ನುತ್ತದೆ.

ಬಂದೂಕಿನಿಂದ ಬದುಕಿದವರೇ ಇಲ್ಲವೇ? ಇದ್ದಾರೆ, ಸುಳ್ಳು ಹೇಳುವುದಿಲ್ಲ. 2005ರ ಮಾರ್ಚ್‌ನಲ್ಲಿ ಯೆಮನ್ ಕರಾವಳಿಯಾಚೆ ‘ಮಹ್ದಿ’, ‘ಗ್ಯಾಂಡಾಲ್ಫ್’ ಎಂಬ ಎರಡು ಹಾಯಿದೋಣಿಗಳ ಮೇಲೆ ಗುಂಡು ಹಾರಿಸುತ್ತಾ ಬಂದವರಿಗೆ ಮಹ್ದಿಯಿಂದ ಶಾಟ್‌ಗನ್ನಿನಲ್ಲೇ ಉತ್ತರ ಸಿಕ್ಕಿತು, ಜೊತೆಗೆ ಗ್ಯಾಂಡಾಲ್ಫ್ ಅವರ ದೋಣಿಗೆ ಗುದ್ದಿತು. ಎರಡೂ ಹಾಯಿದೋಣಿಯವರು ಪಾರಾದರು. ಅದು ಹಗಲು, ತೆರೆದ ಕಡಲು, ಬಂದವರ ಉದ್ದೇಶದಲ್ಲಿ ಅನುಮಾನವೇ ಇರಲಿಲ್ಲ. ಜನ ನೆನಪಿಟ್ಟುಕೊಳ್ಳುವುದು ಇದನ್ನೇ. 2001ರ ಡಿಸೆಂಬರ್ ಯಾರಿಗೂ ನೆನಪಿರುವುದಿಲ್ಲ. ನ್ಯೂಜಿಲೆಂಡಿಗೆ ಎರಡು ಸಲ ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯ ಗೆಲ್ಲಿಸಿಕೊಟ್ಟ ಸರ್ ಪೀಟರ್ ಬ್ಲೇಕ್ ಅಮೆಜಾನ್ ನದಿಯ ಬಾಯಲ್ಲಿ ಲಂಗರು ಹಾಕಿದ್ದ ‘ಸೀಮಾಸ್ಟರ್’ ಮೇಲೆ ದರೋಡೆಕೋರರ ಎದುರು ರೈಫಲ್ ಹಿಡಿದು ಬಂದರು. ರೈಫಲ್ ಕೈಕೊಟ್ಟಿತು, ಅವರು ಗುಂಡೇಟಿಗೆ ಸತ್ತರು. ಕಳ್ಳರು ಒಯ್ದದ್ದು ಒಂದು 15 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಕೆಲವು ಕೈಗಡಿಯಾರ.

ಔಟ್‌ಬೋರ್ಡ್ ಎಂಜಿನ್. ನನ್ನನ್ನು ಯಾರೂ ಕೇಳದ ಪ್ರಶ್ನೆ ಇದರಲ್ಲೇ ಇದೆ: ‘ರಾತ್ರಿ ಡಿಂಗಿ ಎಲ್ಲಿಡ್ತೀರಿ?’ ದಡಕ್ಕೆ ಹೋಗಿಬರುವ ಆ ಪುಟ್ಟ ದೋಣಿ ಮತ್ತು ಅದರ ಎಂಜಿನ್ನಿಗಾಗಿಯೇ ಲಂಗರುದಾಣದ ಕಳ್ಳತನಗಳಲ್ಲಿ ಹೆಚ್ಚಿನವು. ಕತ್ತಲಾಗುತ್ತಿದ್ದಂತೆ ಡಿಂಗಿಯನ್ನು ನೀರಿನಿಂದ ಎತ್ತಿ. ಹಾಯಿ ಏರಿಸುವ ಹಗ್ಗವನ್ನೇ ಡಿಂಗಿಯ ಮೂರು ಕಡೆ ಸಿಕ್ಕಿಸಿ ವಿಂಚಿನಿಂದ, ಅಂದರೆ ಹಗ್ಗ ಎಳೆಯುವ ರಾಟೆಯಿಂದ, ಸುತ್ತಿದರೆ ದೋಣಿಯ ಪಕ್ಕದಲ್ಲಿ ಡೆಕ್ಕಿನ ಎತ್ತರಕ್ಕೆ ತೂಗುತ್ತದೆ. ಎಂಜಿನ್ ಬಿಚ್ಚಿ ಹಿಂದಿನ ಕಂಬಿಗೆ ಬಿಗಿದು, ಅದರ ಎರಡು ತಿರುಪು ಹಿಡಿಗಳನ್ನೂ ಮುಚ್ಚುವಂಥ ಕೊಳವೆ ಬೀಗ ಹಾಕಿ. ಹಗ್ಗವಾದರೆ ಚಾಕುವಿಗೆ ಒಂದೇ ಎಳೆತ, ಅದಕ್ಕೇ ಡಿಂಗಿಗೆ ಉಕ್ಕಿನ ತಂತಿ ಅಥವಾ ಸರಪಳಿ. ಎಂಜಿನ್ನಿನ ಮುಚ್ಚಳಕ್ಕೆ ಎದ್ದು ಕಾಣುವ ಅಸಹ್ಯ ಬಣ್ಣ ಬಳಿಯಿರಿ. ಹೊಸದಾಗಿ ಕಾಣುವ ಎಂಜಿನ್ನೇ ಮೊದಲು ಹೋಗುವುದು.

ಮೆಟ್ಟಿಲ ಬಾಯಿಗೆ ಸ್ಟೇನ್‌ಲೆಸ್ ಸರಳುಗಳ ಜಾಲರಿ ಹಾಕಿಸಿ. ಗಾಳಿ ಬರುತ್ತದೆ, ಆಳು ಬರುವುದಿಲ್ಲ. ಆದರೆ ಒಳಗಿನಿಂದ ಕೀಲಿ ಇಲ್ಲದೆ, ಕತ್ತಲಲ್ಲಿ, ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಬೆಂಕಿ ಕಳ್ಳನಿಗಿಂತ ಬೇಗ ಬರುತ್ತದೆ. ಡೆಕ್ಕಿನ ದೀಪಗಳ ಸ್ವಿಚ್ಚು ಮಲಗಿದಲ್ಲೇ ಕೈಗೆ ಸಿಗಬೇಕು. ಮೇಲೆ ಬೆಳಕು, ನೀವು ಕತ್ತಲಲ್ಲಿ. ಸದ್ದು ಕೇಳಿದರೆ ದೀಪ ಹಾಕಿ, ಹಾರ್ನ್ ಒತ್ತಿ, ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ ಆಪತ್ತಿನ ಕರೆಗೆಂದೇ ಇರುವ 16ನೇ ಚಾನೆಲ್ಲಿನಲ್ಲಿ ಕೂಗಿ ಅಕ್ಕಪಕ್ಕದವರನ್ನು ಎಬ್ಬಿಸಿ. ಹೊರಗೆ ಮಾತ್ರ ಹೋಗಬೇಡಿ. ಆಪತ್ತಿನ ಸಂದೇಶ ಕಳಿಸುವ ರೇಡಿಯೋದ ಕೆಂಪು ಗುಂಡಿ ಕೆಲಸ ಮಾಡಲು ಅದರೊಳಗೆ ನಿಮ್ಮ ದೋಣಿಯ ಗುರುತಿನ ಸಂಖ್ಯೆ, ಒಂಬತ್ತಂಕಿಯ ಎಂಎಂಎಸ್‌ಐ, ತುಂಬಿರಬೇಕು. ಎಷ್ಟೋ ದೋಣಿಗಳಲ್ಲಿ ಅದು ಖಾಲಿ ಬಿದ್ದಿರುತ್ತದೆ.

‘ಹಾಗಾದ್ರೆ ಫ್ಲೇರ್ ಗನ್ ಇದೆಯಲ್ಲ?’ ಅದು ಉರಿಯುವ ಬೆಳಕಿನ ಗುಂಡು ಹಾರಿಸಿ ಸಹಾಯ ಕೇಳಲು. ಒಳಗೆ ಹಾರಿಸಿದರೆ ಫೈಬರ್ ದೋಣಿಯೇ ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ 12 ಬೋರ್ ಫ್ಲೇರ್ ಗನ್ನಿಗೆ ನಿಜವಾದ ತೋಟಾ ತುಂಬಿದರೆ ಒಡೆದು ಕೈಗೇ ಬರುತ್ತದೆ. ಪೆಪ್ಪರ್ ಸ್ಪ್ರೇ? ಬ್ರಿಟನ್ನಿನಲ್ಲಿ ಅದೂ ನಿಷೇಧಿತ ಆಯುಧ, ಬಂದೂಕಿನ ಕಾಯ್ದೆಯ ಅಡಿಯಲ್ಲೇ.

ಬೀಗಗಳಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡಿ. ಇಲ್ಲದಿದ್ದರೆ ಕಳ್ಳನಿಗೆ ತೆಗೆಯಲು ಆಗದ ಬೀಗ ಬೆಳಗ್ಗೆ ನಿಮಗೂ ಬರುವುದಿಲ್ಲ, ಡಿಂಗಿ ತೂಗಾಡುತ್ತಿರುತ್ತದೆ, ನೀವು ಆಕ್ಸಾ ಬ್ಲೇಡು ಹುಡುಕುತ್ತಿರುತ್ತೀರಿ. ಆಕ್ಸಾ ಬ್ಲೇಡನ್ನು ಸುಮ್ನೆ ನಾಲ್ಕು ಇಟ್ಕೊಂಡಿರಿ, ಯಾವ ಕಸ್ಟಮ್ಸ್‌ನವರೂ ಎಣಿಸುವುದಿಲ್ಲ.